ಬೇಲಿ ದಾಸವಾಳ, ಬಲ್ಬ್ ಡಬ್ಬಿ, ಮಿಲಿನೆಕ್ಸ್ ಪೇಪರ್

ನಂದು ಮೋಟರ್ ವೈಂಡಿಂಗ್ ಕೆಲಸ, ತಮಿಳುನಾಡಿನ ಗಡಿ ಊರು ತಾಳವಾಡಿಲಿ ಸಣ್ಣ ಅಂಗಡಿ. ಗಿಡದ ವಿಷಯ ನಂಗೆ ಬರಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ತಂಗಿ ಮಗಳು ಸತ್ಯಮಂಗಲದಲ್ಲಿ ಬಿಎಸ್ಸಿ ಓದ್ತಾಳೆ, ದಿಂಬಂ ಘಾಟಿಯ 27 ತಿರುವು ಇಳಿದು ಹೋಗಿ ಹಾಸ್ಟೆಲ್‌ನಲ್ಲಿದ್ದಾಳೆ, ಅವಳಿಗೆ ಬಾಟನಿಲಿ ಹರ್ಬೇರಿಯಂ, ಅಂದ್ರೆ ಗಿಡ ಒತ್ತಿ ಒಣಗಿಸಿ ಹಾಳೆಗೆ ಕೂರಿಸಿದ್ದು, ಮಾಡ್ಕೊಂಡು ಬನ್ನಿ ಅಂತ ಹೇಳಿದ್ರಂತೆ, ರಜೆಗೆ ಬಂದವಳು ಸೀದಾ ಅಂಗಡಿಗೇ ಬಂದು "ಮಾವ, ಗಿಡ ಒತ್ತೋ ಪ್ರೆಸ್ ಒಂದು ಮಾಡ್ಕೊಡಿ" ಅಂದ್ಲು. ಅದರಲ್ಲೇನಿದೆ, ಎರಡು ಹಲಗೆ ಎರಡು ಬೆಲ್ಟ್ ತಾನೆ, ಒಂದು ಸಾಯಂಕಾಲದ ಕೆಲಸ ಅಂದ್ಕೊಂಡೆ. ಮೂರು ವಾರ ಹಿಡೀತು. ಅಷ್ಟೊಂದು ದಿನ ಹಿಡಿದಿದ್ದು ಹಲಗೆಯಿಂದಲ್ಲ, ಒಂದು ಸೆಂಟಿಮೀಟರ್ ಹೂವಿಂದ.

ಮೊದ್ಲು ಗಿಡದ ಬಗ್ಗೆ. ನಮ್ಮ ಹೊಲದ ಬದು ಮೇಲೆ ಕಳ್ಳಿ, ಬಂದರಿಕೆ, ಲಂಟಾನ ಎಲ್ಲಾ ಒಂದಕ್ಕೊಂದು ಹೆಣೆದುಕೊಂಡಿರೋ ಹಳೇ ಬೇಲಿ ಇದೆ, ಅದರ ನಡುವೆ ಎದೆಮಟ್ಟದ ಒಂದು ಗಿಡ. ಕಡ್ಡಿಗಳು ಸಣ್ಣ, ಆದ್ರೆ ಗಟ್ಟಿ, ಮುರಿಯೋಕೆ ಹೋದ್ರೆ ಲಟಕ್ ಅಂತ ಮುರಿಯಲ್ಲ, ಒಳಗೆ ನಾರು ಹಿಡ್ಕೊಂಡು ಜೋತಾಡುತ್ತೆ. ಎಲೆ ಮುಟ್ಟಿದ್ರೆ ಒರಟು, ಸ್ಯಾಂಡ್ ಪೇಪರ್‌ನ ಹಳೇ ತುಂಡು ಮುಟ್ಟಿದ ಹಾಗೆ. ಹೂ ಬಿಳಿ, ನಾಣ್ಯದಷ್ಟೂ ಇಲ್ಲ, ದಳ ಎಲ್ಲಾ ಹಿಂದಕ್ಕೆ ಮಡಚಿಕೊಂಡು ನಡುವಿನ ಕೇಸರದ ಕಂಬ ಮಾತ್ರ ಮುಂದಕ್ಕೆ ಚಾಚಿರುತ್ತೆ. ಬೆಳಗ್ಗೆ ಬಿಳಿ ಇದ್ದಿದ್ದು ಹೊತ್ತು ಏರ್ತಾ ಏರ್ತಾ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಇಷ್ಟು ವರ್ಷ ಅದೇ ಬದು ಮೇಲೆ ಓಡಾಡಿದ್ದೀನಿ, ಒಂದು ದಿನಾನೂ ಇದನ್ನ ಗಮನಿಸಿರ್ಲಿಲ್ಲ.

ಅವ್ವನ್ನ ಕೇಳಿದ್ರೆ "ಅದಾ, ಕಾಡು ದಾಸವಾಳ ಕನಾ, ಆಡು ಮೇಯ್ತವೆ ಬುಡು" ಅಂದ್ರು. ಅವ್ವನಿಗೆ ಗಿಡದಲ್ಲಿ ಎರಡೇ ಜಾತಿ, ಆಡು ಮೇಯೋದು, ಮೇಯದೇ ಇರೋದು.

ನಮ್ಮ ಹುಡುಗಿ ಮಾತ್ರ ಒಪ್ಪಲಿಲ್ಲ. ಈ ಒಣ ಕಾಡಿನ ಕಡೆ ಇಂಥ ಸಣ್ಣ ಹೂವಿನ ಗಿಡ ಬೇರೇನೂ ಇವೆ, ಪಾವೋನಿಯ ಅಂತ ಒಂದಿದೆ, ಅದರ ಹೂವೂ ಸಣ್ಣದು, ಅದಕ್ಕೂ ನಡುವೆ ಕೇಸರದ ಕಂಬ ಇರುತ್ತೆ, ಬರೀ ಕಣ್ಣಲ್ಲಿ ನೋಡಿ ಮೋಸ ಹೋಗ್ತೀವಿ ಮಾವ ಅಂದ್ಲು. ಹಾಗಾದ್ರೆ ವ್ಯತ್ಯಾಸ ಎಲ್ಲಿ ಗೊತ್ತಾಗೋದು ಅಂದೆ. ಶಲಾಕೆಯ, ಅಂದ್ರೆ ಹೂವಿನ ಹೆಣ್ಣು ಭಾಗದ, ತುದಿ ಎಣಿಸ್ಬೇಕಂತೆ. ಹೈಬಿಸ್ಕಸ್, ಅಂದ್ರೆ ದಾಸವಾಳದ ಜಾತಿ, ಆದ್ರೆ ಕಂಬದ ತುದಿಲಿ ಐದು ಕವಲು, ಪಾವೋನಿಯ ಆದ್ರೆ ಹತ್ತು. ಇಬ್ಬರಿಗೂ ಅಂಡಾಶಯದಲ್ಲಿ ಐದೇ ಕೋಣೆ, ಆದ್ರೂ ಪಾವೋನಿಯಕ್ಕೆ ತುದಿ ಮಾತ್ರ ಡಬಲ್. ಅಂದ್ರೆ ಈ ಹಾಳೆ ಮೇಲೆ ಬೇರೇನು ಕೆಟ್ಟರೂ ಪರವಾಗಿಲ್ಲ, ಆ ಕೂದಲೆಳೆ ಸೈಜಿನ ಐದು ತುದಿ ಕಾಣಿಸ್ಲೇಬೇಕು, ಅದಿಲ್ಲ ಅಂದ್ರೆ ಅದು ಹರ್ಬೇರಿಯಂ ಅಲ್ಲ, ಒಣಗಿದ ಸೊಪ್ಪು.

ಇದು ನಂಗೆ ಅರ್ಥ ಆಯ್ತು. ಕಾಯಿಲ್ ಎಷ್ಟೇ ಚೆನ್ನಾಗಿ ಸುತ್ತಿದ್ರೂ ತುದಿ ವೈರ್ ಎಣಿಸದೇ ಕನೆಕ್ಷನ್ ಕೊಟ್ರೆ ಮೋಟರ್ ಗೊರ್ ಅನ್ನುತ್ತೆ ಅಷ್ಟೇ.

ಪ್ರೆಸ್ ಮಾಡಿದ್ದು ಹೀಗೆ. ಮನೆ ಹೆಂಚು ಹಾಕಿದಾಗ ಉಳಿದಿದ್ದ ರೀಪರ್ ಪಟ್ಟಿ ಇತ್ತು, ಅದನ್ನ ಸೀಳಿಸಿ ಒಂದು ಇಂಚು ಅಗಲ ಅರ್ಧ ಇಂಚು ದಪ್ಪ ಮಾಡ್ಕೊಂಡೆ. ಹರ್ಬೇರಿಯಂ ಹಾಳೆ ಸೈಜು ಸುಮಾರು 42 ಸೆಂಟಿಮೀಟರ್ ಉದ್ದ 28 ಅಗಲ, ಅದಕ್ಕೆ ಚೌಕಟ್ಟು 46 ಕ್ಕೆ 31 ಇಟ್ಟೆ. ಪೂರ್ತಿ ಪ್ಲೈವುಡ್ ಹಾಕಿದ್ರೆ ಸುಲಭ, ಆದ್ರೆ ಗಾಳಿ ಆಡಲ್ಲ, ಅದಕ್ಕೇ ಕಿಟಕಿ ಜಾಲರಿ ತರ ಅಡ್ಡ ಉದ್ದ ಪಟ್ಟಿ. ಮೊದಲ ಚೌಕಟ್ಟಿಗೆ ಮೊಳೆ ಹೊಡೆದೆ, ಪಟ್ಟಿಯ ಎರಡೂ ತುದಿ ಸೀಳ್ತು. ಎರಡನೇದಕ್ಕೆ ಡ್ರಿಲ್‌ನಲ್ಲಿ ಸಣ್ಣ ತೂತು ಹಾಕಿ ಸ್ಕ್ರೂ ಕೂರಿಸ್ದೆ, ಸರಿ ಹೋಯ್ತು, ಆಮೇಲೆ ಮೊದಲನೇದನ್ನೂ ಬಿಚ್ಚಿ ಹಾಗೇ ಮಾಡ್ದೆ. ಸ್ಕ್ರೂ ತಲೆ ಮರದೊಳಗೆ ಇಳಿಸ್ಲೇಬೇಕು, ಇಲ್ದಿದ್ರೆ ಕಟ್ಟು ಬಿಗಿದಾಗ ಆ ಉಬ್ಬು ಹಾಳೆವರೆಗೂ ಒತ್ತುತ್ತೆ. ಒಳಮೈ ಸ್ಯಾಂಡ್ ಪೇಪರ್ ಹೊಡೆದೆ.

ಬಿಗಿಯೋಕೆ ಬೆಲ್ಟ್ ಅಂದ್ರು, ನಾನು ವೈಂಡಿಂಗ್ ಕಾಟನ್ ಟೇಪ್ ಹಾಕಿದೆ. ಮೊದಲ ದಿನ ಕಲ್ಲು ತರ ಬಿಗಿ ಇತ್ತು, ಮರುದಿನ ಬೆಳಗ್ಗೆ ನೋಡಿದ್ರೆ ಸಡಿಲ, ಬೆರಳು ತೂರುತ್ತೆ. ಟೇಪ್ ಎಳೆದಿಲ್ಲ, ಒಳಗಿನ ಸೊಪ್ಪು ನೀರು ಬಿಟ್ಟು ಕುಗ್ಗಿರೋದು. ದಿನಾ ಬಿಗೀಬೇಕು ಅಂತ ಗೊತ್ತಾಯ್ತು. ಆಮೇಲೆ ಯೋಚ್ನೆ ಮಾಡಿ ಬೈಕಿನ ಹಳೇ ಟ್ಯೂಬ್ ಎರಡು ಇಂಚು ಅಗಲ ಪಟ್ಟಿ ಕತ್ತರಿಸಿ ಎರಡು ಸುತ್ತು ಹಾಕ್ದೆ, ರಬ್ಬರ್ ಆದ್ರಿಂದ ಸೊಪ್ಪು ಕುಗ್ಗಿದ ಹಾಗೆ ಅದೂ ಕುಗ್ಗಿ ಹಿಡ್ಕೊಳ್ಳುತ್ತೆ. ಇದು ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಒಳ್ಳೇ ಐಡಿಯಾ, ಯಾರೂ ಹೊಗಳಲಿಲ್ಲ.

ಒಳಗಡೆ ಜೋಡಿಸೋ ಕ್ರಮ ಅಂದ್ರೆ ಕೆಳಗೆ ರಟ್ಟು, ಅದರ ಮೇಲೆ ನಾಲ್ಕೈದು ನ್ಯೂಸ್‌ಪೇಪರ್, ಗಿಡ ಇರೋ ಪೇಪರ್, ಮತ್ತೆ ನಾಲ್ಕೈದು ಪೇಪರ್, ಮತ್ತೆ ರಟ್ಟು, ಹೀಗೇ ಅಟ್ಟಿ. ರಟ್ಟು ಅಂದ್ರೆ ಅಲೆ ಅಲೆ ತೂತು ಇರೋ ಪ್ಯಾಕಿಂಗ್ ಡಬ್ಬದ ರಟ್ಟು, ಆ ತೂತುಗಳು ಎಲ್ಲಾ ಒಂದೇ ದಿಕ್ಕಿಗೆ, ಗಿಡ್ಡ ಬದಿಗೆ ಬರೋ ಹಾಗೆ ಕತ್ತರಿಸ್ಬೇಕು, ಆಗ್ಲೇ ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾದು ಹೋಗೋದು. ಪೇಪರ್ ವಿಷಯದಲ್ಲಿ ನಮ್ಮೂರಲ್ಲಿ ಕೊರತೆ ಇಲ್ಲ, ಕನ್ನಡದ್ದೂ ಬರುತ್ತೆ ತಮಿಳಿಂದೂ ಬರುತ್ತೆ, ಆದ್ರೆ ಹೊಳಪಿನ ಪುರವಣಿ ಪೇಪರ್ ಮಾತ್ರ ಹಾಕ್ಬೇಡಿ, ಅದು ನೀರು ಕುಡಿಯಲ್ಲ.

ಇಷ್ಟು ಆದ್ಮೇಲೆ ಮೊದಲ ಸಲ ಗಿಡ ಒತ್ತಿದ್ದು. ಕಾಡೊಳಗೆ ಹೋಗ್ಲಿಲ್ಲ, ಸುತ್ತ ಎಲ್ಲಾ 2013ರಿಂದ ಹುಲಿ ಮೀಸಲು, ಒಳಗಿಂದ ಒಂದು ಕಡ್ಡಿ ತರೋ ಹಾಗಿಲ್ಲ, ತರೋದು ಬೇಕಾಗೂ ಇಲ್ಲ, ನಮ್ಮದೇ ಬದು ಇರೋವಾಗ. ಹೂ, ಮೊಗ್ಗು, ಹಸಿ ಕಾಯಿ, ಒಡೆದ ಕಾಯಿ ನಾಲ್ಕೂ ಇರೋ ಮೂರು ಕಡ್ಡಿ ಕತ್ತರಿಸ್ಕೊಂಡ್ವಿ. ಸಾಯಂಕಾಲ ನಾಲ್ಕು ಗಂಟೆಗೆ ಹೋಗಿದ್ದೇ ತಪ್ಪು, ಆಗ್ಲೇ ಹೂ ಗುಲಾಬಿಯಾಗಿ ಮುದುಡಿತ್ತು. ಆದ್ರೂ ಒತ್ತಿದ್ವಿ. ಎರಡು ದಿನ ಬಿಟ್ಟು ತೆಗೆದು ನೋಡಿದ್ರೆ ಎಲೆ ಸೊಗಸಾಗಿ ಬಂದಿದೆ, ಹೂ ಮಾತ್ರ ಪೇಪರ್‌ಗೆ ಅಂಟಿ ಒಂದು ಕಂದು ಕಲೆ ಆಗಿದೆ, ಬಿಡಿಸೋಕೆ ಹೋದ್ರೆ ಹಿಂದಿನ ದಿನದ ತಮಿಳು ಸುದ್ದಿ ಸಮೇತ ಬಂತು.

ಅದು ಲೋಳೆ. ದಾಸವಾಳದ ಸೊಪ್ಪು ಕಿವುಚಿ ತಲೆಗೆ ಹಚ್ಕೊಂಡು ಸ್ನಾನ ಮಾಡಿದವರಿಗೆ ಗೊತ್ತಿರುತ್ತೆ, ಬೆಂಡೆಕಾಯಿ ಹೆಚ್ಚಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಬೆಂಡೆ, ದಾಸವಾಳ, ಹತ್ತಿ, ಪುಂಡಿ ಎಲ್ಲಾ ಒಂದೇ ಕುಟುಂಬ, ಮಾಲ್ವೇಸಿ ಅಂತಾರೆ, ಇವುಗಳ ತೊಗಟೆ, ಎಲೆ, ದಳದೊಳಗೆ ಲೋಳೆ ತುಂಬಿದ ಕೋಶಗಳು ಇರ್ತಾವೆ, ಸಕ್ಕರೆ ಸರಪಳಿಯಂಥ ವಸ್ತು, ನೀರು ಸಿಕ್ಕಿದ್ರೆ ಹೀರಿ ಉಬ್ಬುತ್ತೆ, ಒಣಗಿದ್ರೆ ಗೋಂದು. ಸಣ್ಣ ಹೂ ಆದ್ರೂ ಒತ್ತಿದಾಗ ಆ ಲೋಳೆ ಎಲ್ಲಾ ಹೊರಗೆ ಬಂದು ಪೇಪರ್‌ನ ನಾರಿಗೆ ಇಳಿದುಬಿಡುತ್ತೆ. ಅಂದ್ರೆ ನಾವು ಹೂವನ್ನ ಒತ್ತಿದ್ದಲ್ಲ, ಹೂವಿನದೇ ಅಂಟಿಂದ ಹೂವನ್ನ ಅಂಟಿಸಿದ್ದು.

ಎರಡನೇ ಸಲ ಬೆಳಗ್ಗೆ ಎಂಟಕ್ಕೆ ಹೋದ್ವಿ. ಹೂ ಬಿಳಿ ಇತ್ತು, ಅರಳಿತ್ತು. ಬಟರ್ ಪೇಪರ್ ಹಾಕಿದ್ರೆ ಅಂಟಲ್ಲ ಅಂತ ಹುಡುಗಿ ಅವಳ ಮೇಡಂ ಹತ್ರ ಕೇಳ್ಕೊಂಡು ಬಂದಿದ್ಲು, ಬೇಕರಿಲಿ ಕೇಳಿ ನಾಲ್ಕು ಹಾಳೆ ತಂದೆ. ಮಳೆಗಾಲ ಬೇರೆ, ಬರೀ ಪೇಪರ್ ಬದಲಾಯಿಸಿ ಒಣಗಿಸೋಕೆ ಆಗಲ್ಲ, ಬೂಷ್ಟು ಹಿಡಿಯುತ್ತೆ ಅಂತ ನನ್ನ ಬಲ್ಬ್ ಡಬ್ಬಿ ತೆಗೆದೆ. ಇದು ನಮ್ಮ ಕಸುಬಿನ ಸಾಮಾನು, ಸ್ಟೇಟರ್‌ಗೆ, ಅಂದ್ರೆ ಮೋಟರ್‌ನ ತಿರುಗದ ಭಾಗಕ್ಕೆ, ವಾರ್ನಿಷ್ ಹಾಕಿದ್ಮೇಲೆ ಒಣಗಿಸೋಕೆ ತಗಡಿನ ಡಬ್ಬಿಲಿ ಬಲ್ಬ್ ಉರಿಸಿ ಇಡ್ತೀವಿ. ಎಲ್‌ಇಡಿ ಆಗಲ್ಲ, ಅದು ಬೆಳಕು ಕೊಡುತ್ತೆ ಬಿಸಿ ಕೊಡಲ್ಲ, ಹಳೇ ಕಾಲದ 60 ವ್ಯಾಟ್ ಬುರುಡೆ ಬಲ್ಬೇ ಬೇಕು, ಈಗ ಅದು ಸಿಗೋದು ಕೋಳಿ ಮರಿ ಸಾಕೋರಿಗೆ ಸಾಮಾನು ಮಾರೋ ಅಂಗಡಿಲಿ ಮಾತ್ರ. ಎರಡು ಹಾಕಿದೆ. ಪ್ರೆಸ್ಸನ್ನ ಡಬ್ಬಿ ಮೇಲೆ ನಿಲ್ಲಿಸಿ ರಟ್ಟಿನ ತೂತು ಕೆಳಗಿಂದ ಮೇಲಕ್ಕೆ ಬರೋ ಹಾಗೆ ಇಟ್ಟೆ, ಬಿಸಿ ಗಾಳಿ ಚಿಮಣಿ ತರ ಏರುತ್ತೆ. ಸುತ್ತ ಹಳೇ ಗೋಣಿಚೀಲ.

ಸಾಯಂಕಾಲ ನೋಡಿದ್ರೆ ವಾಸನೆ. ವಾರ್ನಿಷ್ ಡಬ್ಬಿಗೆ 80 ಡಿಗ್ರಿ ಹೋದ್ರೂ ನಡೆಯುತ್ತೆ, ಸೊಪ್ಪಿಗೆ ನಡೆಯಲ್ಲ. ಕೆಳಗಿನ ರಟ್ಟು ಕಂದಾಗಿತ್ತು, ಎಲೆ ಹುರಿದ ಕರಿಬೇವಿನ ಹಾಗೆ ಕೈಲಿ ಪುಡಿ ಆಗ್ತಿತ್ತು. ಬಟರ್ ಪೇಪರ್ ಅಂತ ಬೇಕರಿಯವರು ಕೊಟ್ಟಿದ್ದು ಮೇಣದ ಪೇಪರ್ ಆಗಿತ್ತು ಅಂತ ಆಗ ಗೊತ್ತಾಯ್ತು, ಮೇಣ ಕರಗಿ ಹೂವೊಳಗೆ ಇಳಿದು ಹೂ ಗಾಜಿನ ತರ ಪಾರದರ್ಶಕ ಆಗಿತ್ತು. ನೋಡೋಕೆ ಚಂದ. ಶಲಾಕೆ ತುದಿ ಐದಾ ಹತ್ತಾ ದೇವರಿಗೇ ಗೊತ್ತು.

"ಏನ್ಲಾ ಮಗ, ಸೊಪ್ಪು ಒಗ್ಗರಣೆ ಹಾಕ್ತಿದ್ದೀಯ?" ಅಂದ್ರು ಅವ್ವ.

ಗೋಣಿಚೀಲ ತೆಗೆದುಬಿಟ್ಟೆ, ಅದು ದೊಡ್ಡ ಬೆಪ್ಪುತನ, ಬೆಂಕಿ ಹತ್ಕೊಂಡಿದ್ರೆ ಅಂಗಡಿನೇ ಹೋಗ್ತಿತ್ತು. ಮೊಟ್ಟೆ ಇಂಕ್ಯುಬೇಟರ್‌ಗೆ ಹಾಕ್ತಾರಲ್ಲ ಡಬ್ಲ್ಯೂ1209 ಅನ್ನೋ ಸಣ್ಣ ಥರ್ಮೋಸ್ಟಾಟ್ ಬೋರ್ಡು, 12 ವೋಲ್ಟಿಂದು, ಒಂದು ರಿಪೇರಿಗೆ ತಂದಿದ್ದು ಬಿದ್ದಿತ್ತು, ಅದನ್ನ ಬಲ್ಬ್ ಲೈನಿಗೆ ಕೊಟ್ಟೆ, 45 ಡಿಗ್ರಿಗೆ ಆಫ್, 42ಕ್ಕೆ ಆನ್. ಸೆನ್ಸರ್ ಮೊದಲು ಪ್ರೆಸ್ ಮೇಲ್ತುದಿಲಿ ಕಟ್ಟಿದ್ದೆ, ಮೇಲೆ 45 ತೋರಿಸೋ ಹೊತ್ತಿಗೆ ಕೆಳಗೆ ಕೈ ಇಡೋಕಾಗಲ್ಲ ಅಷ್ಟು ಬಿಸಿ. ಕೆಳಗೆ, ಬಲ್ಬಿಂದ ಒಂದು ಗೇಣು ಮೇಲೆ, ಮೊದಲ ರಟ್ಟಿನ ಪಕ್ಕ ಕಟ್ಟಿದ್ಮೇಲೆ ಹದಕ್ಕೆ ಬಂತು. ಡಬ್ಬಿ ತಳದಲ್ಲಿ ಗಾಳಿ ಒಳಗೆ ಬರೋಕೆ ಎಂಟು ತೂತು, ಡಬ್ಬಿ ಬಾಯಿಗೆ ಬಲ್ಬಿನ ಮೇಲೆ ಜಾಲರಿ, ಒಣ ಎಲೆ ಉದುರಿ ಬಲ್ಬ್ ಮೇಲೆ ಬೀಳಬಾರದು ಅಂತ. ರಾತ್ರಿ ಮಲಗೋವಾಗ ಆಫ್. ಇದು ಯಾರಾದ್ರೂ ಮಾಡೋದಾದ್ರೆ ಈ ಕೊನೇದನ್ನ ಮರೀಬೇಡಿ.

ಬಿಸಿ ಸಮಸ್ಯೆ ಮುಗೀತು, ಲೋಳೆ ಸಮಸ್ಯೆ ಉಳೀತು. ಮೂರನೇ ಸಲ ಟಿಶ್ಯೂ ಪೇಪರ್ ಹಾಕಿ ನೋಡಿದ್ವಿ, ಅದು ನ್ಯೂಸ್‌ಪೇಪರ್‌ಗಿಂತ ಕೆಟ್ಟದಾಗಿ ಅಂಟ್ತು, ದಳದ ಮೇಲೆ ಬಿಳಿ ನಾರು ನಾರು.

ಆವತ್ತು ಒಂದು ಮೂರು ಎಚ್‌ಪಿ ಮೋಟರ್‌ಗೆ ಸ್ಲಾಟ್ ಪೇಪರ್ ಕತ್ತರಿಸ್ತಾ ಕೂತಿದ್ದೆ. ಸ್ಲಾಟ್, ಅಂದ್ರೆ ಸ್ಟೇಟರ್‌ನ ಸಂದು, ಅದರೊಳಗೆ ತಂತಿ ಕೂರಿಸೋ ಮುಂಚೆ ಮಿಲಿನೆಕ್ಸ್ ಹಾಕ್ತೀವಿ, ಬಿಳಿ ಪಾರದರ್ಶಕ ಪಾಲಿಯೆಸ್ಟರ್ ಹಾಳೆ, ವಾರ್ನಿಷ್ ಮೆತ್ತಿದ್ರೂ ಕಿತ್ತರೆ ಬರುತ್ತೆ, ನೂರು ಡಿಗ್ರಿ ಬಿಸಿಗೆ ಏನೂ ಆಗಲ್ಲ. ಕೈಲಿ ಕತ್ತರಿ, ಮುಂದೆ ಹಾಳೆ, ಮೂರು ವಾರದಿಂದ ತಲೇಲಿ ಹೂ. ಆಗ್ಲೇ ಹೊಳೀಬೇಕಿತ್ತು, ನಾನು ಅದನ್ನ ದಿನಾ ಮುಟ್ತೀನಿ.

ನಾಲ್ಕನೇ ಸಲ ಮಾಡಿದ್ದು ಹೀಗೆ. ಬೆಳಗ್ಗೆ ಎಂಟಕ್ಕೆ ಕಡ್ಡಿ ಕತ್ತರಿಸಿ ಹೂ ಬಾಡೋ ಮುಂಚೆ, ಅಲ್ಲೇ ಬದು ಮೇಲೆ ಕೂತು ಒತ್ತಿದ್ವಿ. ಪ್ರೆಸ್ ಜೊತೇಲೇ ಹೊತ್ಕೊಂಡು ಹೋಗಿದ್ವಿ. ಕಡ್ಡಿಲಿ ಇದ್ದ ಹೂಗಳ ಅಡಿಗೆ ಒಂದು ಸಣ್ಣ ಮಿಲಿನೆಕ್ಸ್ ತುಂಡು, ಮೇಲೊಂದು. ಆದ್ರೆ ಮಿಲಿನೆಕ್ಸ್ ಉಸಿರಾಡಲ್ಲ, ಎರಡೂ ಕಡೆ ಮುಚ್ಚಿಟ್ರೆ ನೀರು ಎಲ್ಲಿಗೆ ಹೋಗುತ್ತೆ, ಕೊಳೆಯುತ್ತೆ, ಅದಕ್ಕೆ ತುಂಡನ್ನ ಹೂವಿಗಿಂತ ಸ್ವಲ್ಪವೇ ದೊಡ್ಡದು ಕತ್ತರಿಸಿ ಸೂಜಿಲಿ ತುಂಬಾ ತೂತು ಚುಚ್ಚಿದೆ. ಒಂದು ದಿನ ಆದ್ಮೇಲೆ ಮೇಲಿನ ತುಂಡು ತೆಗೆದು ಆ ಕಡೆ ಪೇಪರ್, ಮರುದಿನ ಕೆಳಗಿನದು. ಅಷ್ಟೊತ್ತಿಗೆ ಲೋಳೆ ಹೂವಿನ ಮೇಲೇ ಒಣಗಿ ಹೋಗಿರುತ್ತೆ, ಪೇಪರ್‌ಗೆ ಅಂಟಲ್ಲ. ಇದರ ಜೊತೆ ಎರಡು ಹೂ ಬೇರೆ ತೆಗೆದು ದಳ ಕಿತ್ತು, ಕೇಸರದ ಕಂಬ ಉದ್ದಕ್ಕೆ ಸೀಳಿ, ಅಗಲ ಮಾಡಿ ಪ್ರತ್ಯೇಕ ಮಿಲಿನೆಕ್ಸ್ ಮೇಲೆ ಒತ್ತಿದ್ವಿ. ಇನ್ನೊಂದು ಹೂ ಸ್ಪಿರಿಟ್ ಹಾಕಿದ ಮಾತ್ರೆ ಬಾಟಲಿಗೆ, ಒತ್ತಿದ್ದು ಕೆಟ್ಟರೂ ಇರ್ಲಿ ಅಂತ.

ಕಂಬ ಸೀಳಿದಾಗ ನಂಗೆ ಖುಷಿಯಾಯ್ತು, ಯಾಕಂದ್ರೆ ಅದು ನಾವು ತಂತಿಗೆ ತೊಡಿಸೋ ಸ್ಲೀವ್ ಕೊಳವೆ ಇದ್ದ ಹಾಗೇ ಇದೆ. ಕೇಸರದ ಕಡ್ಡಿಗಳೆಲ್ಲ ಒಂದಕ್ಕೊಂದು ಕೂಡ್ಕೊಂಡು ಕೊಳವೆ ಆಗಿವೆ, ಹೊರಮೈಯಿಂದ ಸಣ್ಣ ಸಣ್ಣ ಎಳೆ ಬಂದು ತುದಿಲಿ ಪರಾಗದ ಚೀಲ, ಆ ಕೊಳವೆಯ ಒಳಗಿಂದ ಶಲಾಕೆ ನಳಿಕೆ ಒಂದೇ ತಂತಿಯ ಹಾಗೆ ಹಾದು ಮೇಲೆ ಬಂದು ಐದಾಗಿ ಒಡೆಯುತ್ತೆ. ಹಳೇ ಡಿವಿಡಿ ಪ್ಲೇಯರ್‌ನ ಲೆನ್ಸ್ ಕಿತ್ತು ಮೊಬೈಲ್ ಕ್ಯಾಮರಾ ಮೇಲೆ ಟೇಪ್ ಹಚ್ಚಿ ನೋಡಿದ್ವಿ. ಒಂದು, ಎರಡು, ಮೂರು, ನಾಲ್ಕು, ಐದು. ಹುಡುಗಿ ಮೂರು ಹೂವಲ್ಲಿ ಎಣಿಸಿದ್ಲು, ಮೂರರಲ್ಲೂ ಐದು. ಹೈಬಿಸ್ಕಸ್ಸೇ. ಅದೇ ಲೆನ್ಸಲ್ಲಿ ಪರಾಗದ ಕಾಳು ಒಂದೊಂದೂ ದುಂಡಗೆ, ಮೈಯೆಲ್ಲ ಮುಳ್ಳು ಮುಳ್ಳು, ಎಲೆ ಮೇಲಿನ ರೋಮ ಒಂದೇ ಬುಡದಿಂದ ನಾಲ್ಕೈದು ಕಡೆ ಚಾಚಿ ನಕ್ಷತ್ರದ ಆಕಾರ. ಸ್ಯಾಂಡ್ ಪೇಪರ್ ಅನ್ನಿಸಿದ್ದು ಈ ನಕ್ಷತ್ರಗಳು.

ಹಾಗಾದ್ರೆ ಲೆನ್ಸಲ್ಲಿ ಹಸಿ ಹೂವನ್ನ ಮೊದಲ ದಿನವೇ ನೋಡಿ ಎಣಿಸಿದ್ರೆ ಮುಗೀತಿತ್ತಲ್ಲ ಅಂತ ನೀವು ಕೇಳ್ಬಹುದು. ನಾನೂ ಕೇಳಿದೆ. "ನೀವು ನೋಡಿದ್ರಿ ಮಾವ, ನಾಳೆ ಹಾಳೆ ನೋಡೋರು ಏನು ನೋಡ್ಬೇಕು?" ಅಂದ್ಲು. ಸರಿಯಾಗೇ ಇದೆ ಮಾತು. ಗಿರಾಕಿಗೆ ಮೋಟರ್ ಸರಿ ಇದೆ ಅಂತ ಬಾಯಲ್ಲಿ ಹೇಳಿದ್ರೆ ಸಾಲ್ದು, ಓಡಿಸಿ ತೋರಿಸ್ಬೇಕು.

ಇನ್ನು ಕಾಯಿ. ಪೇಟೆ ದಾಸವಾಳ, ಮನೆ ಮುಂದೆ ಇರೋ ಕೆಂಪಿಂದು, ನಮ್ಮ ಕಡೆ ಕಾಯಿ ಕಟ್ಟೋದು ನೋಡಿದವರು ಕಮ್ಮಿ, ಅದನ್ನ ಕಡ್ಡಿ ನೆಟ್ಟೇ ಬೆಳೆಸೋದು. ಈ ಬೇಲಿ ಗಿಡ ಮಾತ್ರ ಎಲೆ ಕಂಕುಳಿಗೊಂದು ಕಾಯಿ. ದುಂಡಗೆ, ಕಡಲೆಕಾಳಿಗಿಂತ ಸ್ವಲ್ಪ ದಪ್ಪ, ಒಣಗಿದ್ರೆ ಐದು ಹೋಳಾಗಿ ಬಿರಿದು ಬಾಯಿ ಬಿಡುತ್ತೆ, ಒಳಗೆ ಬೀಜಕ್ಕೆ ಬಿಳಿ ರೇಷ್ಮೆಯಂಥ ಕೂದಲು. ಹತ್ತಿಯೂ ಇದೇ ಕುಟುಂಬ ಅಂತ ಹೇಳಿದ್ನಲ್ಲ, ಹತ್ತಿ ಅಂದ್ರೆ ಬೀಜದ ಸಿಪ್ಪೆಯಿಂದ ಬೆಳೆದ ಕೂದಲು ತಾನೆ, ಇಲ್ಲೂ ಅದೇ ಕತೆ ಬಡವರ ಮನೆ ಅಳತೆಲಿ. ಪಾವೋನಿಯ ಆಗಿದ್ರೆ ಕಾಯಿ ಹೀಗೆ ಬಾಯಿ ಬಿಡಲ್ಲ, ಐದು ತುಂಡಾಗಿ ಬಿಡಿ ಬಿಡಿ ಉದುರುತ್ತೆ, ತುಂಡಿಗೊಂದೇ ಬೀಜ. ಅಂದ್ರೆ ಹೂ ಕೈ ಕೊಟ್ರೂ ಕಾಯಿ ನೋಡಿ ತೀರ್ಮಾನ ಮಾಡ್ಬಹುದಿತ್ತು. ಇದನ್ನ ನಮಗೆ ಮೂರು ವಾರ ಆದ್ಮೇಲೆ ಹೊಳೆದಿದ್ದು, ಹೋಗ್ಲಿ ಬಿಡಿ.

ಕಾಯಿ ಬುಡದಲ್ಲಿ ಪುಷ್ಪಪತ್ರ, ಅಂದ್ರೆ ಹೂವಿನ ಬುಡದ ಹಸಿರು ಬಟ್ಟಲು, ಹಾಗೇ ಉಳ್ಕೊಂಡಿತ್ತು, ಅದರ ಹೊರಗಡೆ ದಾರದಂಥ ಸಣ್ಣ ಎಸಳು ಇನ್ನೊಂದು ಸುತ್ತು, ಎಪಿಕ್ಯಾಲಿಕ್ಸ್ ಅಂತೆ. ನಮ್ಮ ಗಿಡದಲ್ಲಿ ಎಣಿಸಿದಾಗ ಕೆಲವು ಹೂವಲ್ಲಿ ಆರು, ಕೆಲವು ಹೂವಲ್ಲಿ ಏಳು. ಬೆಂಡೆ ಗಿಡದಲ್ಲಿ ಹೀಗಲ್ಲ, ಹೂ ಅರಳೋವಾಗ ಪುಷ್ಪಪತ್ರ ಒಂದೇ ಕಡೆ ಸೀಳಿ ಆಮೇಲೆ ಹೂವಿನ ಜೊತೆಗೇ ಕಳಚಿ ಬೀಳುತ್ತೆ, ಬೆಳಗ್ಗೆ ಬೆಂಡೆ ತೋಟಕ್ಕೆ ಹೋದ್ರೆ ನೆಲದ ಮೇಲೆ ಬಿದ್ದಿರೋದು ನೋಡ್ಬಹುದು. ಅದಕ್ಕೇ ಬೆಂಡೆಯನ್ನ ಹೈಬಿಸ್ಕಸ್ ಅನ್ನೋದು ಬಿಟ್ಟು ಅಬೆಲ್‌ಮಾಸ್ಕಸ್ ಅಂತ ಬೇರೆ ಇಟ್ಟಿದ್ದಾರೆ. ಶ್ರೀಮುದ್ರೆ ಗಿಡ, ತುತ್ತಿ ಅಂತೀವಲ್ಲ, ಅದಕ್ಕಂತೂ ಈ ಹೊರಸುತ್ತೇ ಇಲ್ಲ. ಒಂದೊಂದು ಗಿಡಕ್ಕೂ ಒಂದೊಂದು ಸ್ಕ್ರೂ ಎಲ್ಲೋ ಬೇರೆ ಇರುತ್ತೆ.

ಅಳತೆ ನಾನೇ ತಗೊಂಡೆ, ತಂತಿ ಗೇಜ್ ನೋಡೋ ಮೈಕ್ರೋಮೀಟರ್ ದಳಕ್ಕೆ ಹಿಡಿದ್ರೆ ಹರಿದು ಹೋಗುತ್ತೆ, ವರ್ನಿಯರ್‌ನಲ್ಲಿ ಹಿಡಿದೆ. ದಳ 9 ರಿಂದ 10 ಮಿಲಿಮೀಟರ್, ಕಾಯಿ 8, ಎಲೆ ದೊಡ್ಡದು 4 ಸೆಂಟಿಮೀಟರ್, ಅಂಚು ಗರಗಸ, ಬುಡದಿಂದ ಮೂರು ನರ. ಹೂವಿನ ತೊಟ್ಟು ಗಮನಿಸಿ, ಮೇಲ್ತುದಿ ಹತ್ರ ಒಂದು ಗಂಟು ಇದೆ, ಜಾಯಿಂಟ್ ಹಾಕಿದ ಹಾಗೆ, ಹೂ ಉದುರೋದಾದ್ರೆ ಅಲ್ಲಿಗೇ ಕಳಚುತ್ತೆ. ಒತ್ತೋವಾಗ ನಮ್ಮ ಒಂದೆರಡು ಹೂ ಬಿದ್ದಿದ್ದೂ ಸರಿಯಾಗಿ ಆ ಗಂಟಿಗೇ.

ಹೆಸರು ಹುಡುಕಿದ್ದು ಹುಡುಗಿ. ಗ್ಯಾಂಬಲ್ ಅನ್ನೋರು ಮದ್ರಾಸ್ ಪ್ರೆಸಿಡೆನ್ಸಿಯ ಗಿಡಗಳ ಬಗ್ಗೆ 1915ರಿಂದ ಬರೆಯೋಕೆ ಶುರು ಮಾಡಿ, ಅವರು ತೀರಿಕೊಂಡ್ಮೇಲೆ ಫಿಷರ್ ಮುಂದುವರೆಸಿ 1936ರಲ್ಲಿ ಮುಗಿಸಿದ ಪುಸ್ತಕ ಇದೆಯಂತೆ, ಮೊಬೈಲಲ್ಲೇ ಸಿಗುತ್ತೆ, ಅದರಲ್ಲಿ ಪ್ರಶ್ನೆ ಪ್ರಶ್ನೆಯಾಗಿ ಹೋಗ್ತಾ ಹೋಗ್ತಾ ಕೊನೆಗೆ ಹೈಬಿಸ್ಕಸ್ ಮೈಕ್ರಾಂಥಸ್‌ಗೆ ಬಂದು ನಿಂತ್ಲು. ಮೈಕ್ರಾಂಥಸ್ ಅಂದ್ರೆ ಗ್ರೀಕಲ್ಲಿ ಸಣ್ಣ ಹೂವಿನದು ಅಂತ, ಹೆಸರಿಟ್ಟಿದ್ದು ಗಿಡಗಳಿಗೆ ಎರಡು ಪದದ ಹೆಸರಿಡೋ ಪದ್ಧತಿ ತಂದ ಲಿನಿಯಸ್ ಅವರ ಮಗ. ಅಪ್ಪ 1753ರಲ್ಲಿ ಪೇಟೆ ದಾಸವಾಳಕ್ಕೆ ರೋಸಾ ಸೈನೆನ್ಸಿಸ್, ಚೀನಾ ಗುಲಾಬಿ ಅಂತ ರಾಜನ ಹೆಸರಿಟ್ಟ, ಮಗ ಇದಕ್ಕೆ ಸಣ್ಣ ಹೂವಿನದು ಅಂತ ಇಟ್ಟು ಕೈ ತೊಳ್ಕೊಂಡ. ಈ ಗಿಡ ನಮ್ಮಲ್ಲಿ ಮಾತ್ರ ಅಲ್ಲ, ಶ್ರೀಲಂಕಾ, ಅರೇಬಿಯ, ಆಫ್ರಿಕಾದ ಒಣ ಕುರುಚಲು ಕಾಡಲ್ಲೂ ಇದೆ. ಮದ್ರಾಸ್ ಪ್ರೆಸಿಡೆನ್ಸಿ ಅಂದಾಗ ನಂಗೆ ನೆನಪಾಗಿದ್ದು, ಆಗ ನಾವೂ ಕೊಳ್ಳೇಗಾಲದವರೂ ಇಬ್ರೂ ಕೊಯಮತ್ತೂರು ಜಿಲ್ಲೆನೇ, 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯ್ತು, ನಾವು ಇಲ್ಲೇ ಉಳಿದ್ವಿ. ಬೇಲಿಲಿರೋ ಗಿಡಕ್ಕೆ ಅದ್ಯಾವುದೂ ಗೊತ್ತಿಲ್ಲ.

ಹಾಳೆಗೆ ಕೂರಿಸೋ ಕೆಲಸ ಬೇಗ ಆಯ್ತು. ಪೂರ್ತಿ ಗಿಡಕ್ಕೆ ಫೆವಿಕಾಲ್ ಬಳಿಯೋ ಬದಲು ಕಡ್ಡಿಯನ್ನ ಬಿಳಿ ದಾರದಲ್ಲಿ ನಾಲ್ಕು ಕಡೆ ಹೊಲಿದ್ವಿ, ಎಲೆ ತುದಿಗೆ ಸಣ್ಣ ಪೇಪರ್ ಪಟ್ಟಿ. ಒಂದು ಎಲೆ ಮಗುಚಿ ಹಿಂಭಾಗ ಕಾಣೋ ಹಾಗೆ. ಬೀಜ ಹಾರಿ ಹೋಗ್ತವೆ, ಅದಕ್ಕೆ ಮಡಚಿದ ಪೇಪರ್ ಜೇಬು, ಸೀಳಿದ ಹೂವನ್ನ ಅದರ ಮಿಲಿನೆಕ್ಸ್ ಸಮೇತ ಇನ್ನೊಂದು ಜೇಬಿಗೆ. ಬಲಗಡೆ ಕೆಳಗೆ ಚೀಟಿ. ಹೂವಿನ ಬಣ್ಣ ಒಣಗಿದ್ಮೇಲೆ ಕಂದು, ಅದಕ್ಕೇ ಬದು ಮೇಲೆ ಕೂತಾಗ್ಲೇ ಬರೆದಿಟ್ಕೊಂಡಿದ್ದು ಒಳ್ಳೇದಾಯ್ತು, ಬೆಳಗ್ಗೆ 8ಕ್ಕೆ ಬಿಳಿ, ಮಧ್ಯಾಹ್ನದ ಮೇಲೆ ಗುಲಾಬಿ, ಪಕ್ಕದಲ್ಲಿ ಬಂದರಿಕೆ ಮತ್ತು ಕಳ್ಳಿ, ಕೆಂಪು ಮಣ್ಣು, ಎತ್ತರ ನಾಲ್ಕು ಅಡಿ.

ಹುಳ ಬೀಳದ ಹಾಗೆ ಹಳೇ ಕಾಲದಲ್ಲಿ ಪಾದರಸದ ಕ್ಲೋರೈಡ್ ಬಳೀತಿದ್ರಂತೆ, ಕಡು ವಿಷ, ಹಳೇ ಹಾಳೆ ಮುಟ್ಟಿದ್ರೆ ಕೈ ತೊಳ್ಕೊಳ್ಳಿ. ನಾವು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಗಾಳಿ ಹೋಗದ ಹಾಗೆ ಟೇಪ್ ಹೊಡೆದು ಒಂದು ವಾರ ಫ್ರೀಜರಲ್ಲಿ ಇಟ್ವಿ. ಹಾಳೆ ದೊಡ್ಡದು, ಮನೆ ಫ್ರಿಜ್ ಫ್ರೀಜರ್‌ಗೆ ಹೋಗಲ್ಲ, ಐಸ್‌ಕ್ರೀಮ್ ಇಡೋ ಪೆಟ್ಟಿಗೆ ಇರೋ ಅಂಗಡಿ ಅಣ್ಣನ್ನ ಕೇಳಿ ಒಂದು ಮೂಲೇಲಿ ತೂರಿಸಿದ್ದು, ಅವನ ಕೂಲರ್ ಮೋಟರ್ ನಾನೇ ಸುತ್ತಿದ್ದು, ಇಲ್ಲ ಅನ್ನೋಕಾಗ್ಲಿಲ್ಲ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬಾರದು, ಒಂದಿಡೀ ದಿನ ಬಿಟ್ಟು ಬಿಚ್ಚಿ, ಇಲ್ದಿದ್ರೆ ತಣ್ಣಗಿನ ಹಾಳೆ ಮೇಲೆ ಬೆವರು ಕೂತು ಇಷ್ಟು ದಿನದ ಲೋಳೆ ಮತ್ತೆ ಜೀವ ಪಡೆಯುತ್ತೆ.

ಖರ್ಚು ಹೇಳ್ಬೇಕಂದ್ರೆ ಸ್ಕ್ರೂ, ಬಲ್ಬ್, ಹಾಳೆ ಎಲ್ಲಾ ಸೇರಿ 400 ರೂಪಾಯಿ ಆಸುಪಾಸು, ಉಳಿದಿದ್ದೆಲ್ಲ ಅಂಗಡಿಲಿ ಬಿದ್ದಿದ್ದ ಸಾಮಾನು. ಹುಡುಗಿ ಹಾಳೆ ತಗೊಂಡು ಹೋದ್ಲು, ಪ್ರೆಸ್ ಇಲ್ಲೇ ಬಿಟ್ಟು ಹೋದ್ಲು. ಮೊನ್ನೆ ಬದು ಮೇಲೆ ಹೋದಾಗ ಕೆಳಗಿನ ತಿರುವಲ್ಲಿ ಇನ್ನೊಂದು ಕಾಣ್ತು, ಹಳದಿ ಹೂ, ನಡುವೆ ಕಡು ನೇರಳೆ ಕಣ್ಣು, ಕಾಯಿಗೆ ಐದು ರೆಕ್ಕೆ. ಫೋಟೋ ಕಳಿಸಿದೆ, ಹೈಬಿಸ್ಕಸ್ ವಿಟಿಫೋಲಿಯಸ್ ಇರ್ಬೇಕು ಮಾವ, ಎಲೆ ದ್ರಾಕ್ಷಿ ಎಲೆ ತರ ಇದೆಯಾ ನೋಡಿ ಅಂತ ಮೆಸೇಜ್ ಬಂತು. ಇದೆ. ಹೂ ಮಾತ್ರ ಮೊದಲ ಗಿಡದ್ದಕ್ಕಿಂತ ಎಷ್ಟೋ ದೊಡ್ಡದು, ಲೋಳೆಯೂ ಅಷ್ಟೇ ಇರುತ್ತೆ. ಮಿಲಿನೆಕ್ಸ್ ಅಂಗೈಯಗಲದ ತುಂಡು ಆರು ಕತ್ತರಿಸಿ ಇಟ್ಟಿದ್ದೀನಿ, ತೂತು ಚುಚ್ಚೋದು ಬಾಕಿ.